ಪಂಕ್ತಿಪೂರಣವೂ ಕನ್ನಡ ಗ್ರಂಥಪಾಠವೂ

ತಾಳೆಯೋಲೆಯ ಪ್ರತಿಗಳಲ್ಲಿ ಪದ್ಯವನ್ನು ಪಾದಪಾದವಾಗಿ ಬಿಡಿಸಿ ಬರೆಯುವ ವಾಡಿಕೆ ಇರಲಿಲ್ಲ. ಓಲೆಯ ಎಡದಂಚಿನಿಂದ ಬಲದಂಚಿನವರೆಗೆ ಎಡೆಯಿರುವಷ್ಟನ್ನೂ ಬರೆದು, ಅಲ್ಲಿ ಶಬ್ದವು ಮುಗಿಯಲಿ ಮುಗಿಯದಿರಲಿ, ಲಿಪಿಕಾರನು ಮುಂದಿನ ಸಾಲಿಗೆ ಇಳಿಯುತ್ತಿದ್ದನು. ಪದ್ಯವು ಎಲ್ಲಿ ಮುಗಿಯಿತೆಂಬುದನ್ನು ತಿಳಿಸುವುದಕ್ಕೆ ದಂಡಗಳೂ ಅಂಕೆಗಳೂ ಸಾಕಾಗಿದ್ದುವು. ಪಾದವು ಎಲ್ಲಿ ಮುಗಿಯಿತೆಂಬುದನ್ನು ಓದುವವನ ಛಂದೋಜ್ಞಾನಕ್ಕೇ ಬಿಡಲಾಗಿತ್ತು. ಅಚ್ಚಿನ ಕಾಲವು ಬಂದಮೇಲೆ ಸಂಪಾದಕರು ಆದಿಪ್ರಾಸವನ್ನು ಗುರುತಿಸಿ, ಗಣಗಳನ್ನು ಎಣಿಸಿ, ಆ ಅಖಂಡಪ್ರವಾಹದಿಂದ ಒಂದೊಂದು ಪಾದವನ್ನೂ ಬೇರ್ಪಡಿಸಿದರು. ಇಂದು ಕಾವ್ಯವೊಂದರ ಮುದ್ರಿತ ಪ್ರತಿಯಲ್ಲಿ ಕಾಣುವ ಸಾಲುಗಳು ಈ ಪರಿಶ್ರಮದ ಫಲವೇ ಹೊರತು ಓಲೆಯಿಂದ ತಾವಾಗಿ ಬಂದುವಲ್ಲ.

ಈಗ ಅದೇ ಗ್ರಂಥಗಳು ಗಣಕಯಂತ್ರದ ಕಡತಗಳಾಗುತ್ತಿವೆ. ಕಡತವನ್ನು ಓದಲು ಅನುಕೂಲವಾಗುವಂತೆ ಸಾಲುಗಳನ್ನು ಸಮನಾಗಿ ಹೊಂದಿಸಿಕೊಡುವ ಸಣ್ಣ ಸಣ್ಣ ಉಪಕರಣಗಳು ಬಳಕೆಯಲ್ಲಿವೆ. ಅವು ಗದ್ಯಕ್ಕೆ ಬಹಳ ಉಪಕಾರಿಗಳು. ಆದರೆ ಎಚ್ಚರವಿಲ್ಲದೆ ಪ್ರಯೋಗಿಸಿದಲ್ಲಿ, ಸಂಪಾದಕನು ವರ್ಷಗಟ್ಟಲೆ ದುಡಿದು ಬೇರ್ಪಡಿಸಿದ ಪಾದಗಳನ್ನು ಅವು ಕ್ಷಣಾರ್ಧದಲ್ಲಿ ಮತ್ತೆ ಓಲೆಯ ಪ್ರವಾಹಕ್ಕೇ ಸೇರಿಸಿಬಿಡುವುವು. ಇಂತಹ ಉಪಕರಣಗಳ ಸ್ವರೂಪವೇನು, ಅವು ಸಾಲು ಎಂಬುದನ್ನು ಹೇಗೆ ಭಾವಿಸುತ್ತವೆ, ಕನ್ನಡದ ಪಾಠಗಳಿಗೆ ಅವುಗಳಿಂದ ಎಲ್ಲಿ ಪ್ರಯೋಜನ, ಎಲ್ಲಿ ಹಾನಿ ಎಂಬಿವು ಈ ಲೇಖನದ ವಿಷಯ.

೧. ಉಪಕರಣದ ಸ್ವರೂಪ

ಗಣಕಯಂತ್ರಕ್ಕೆ ಕೆಲಸ ಹೇಳುವ ಕ್ರಮಗಳು ಮುಖ್ಯವಾಗಿ ಎರಡು. ತೆರೆಯ ಮೇಲೆ ಕಾಣುವ ಚಿತ್ರಗಳನ್ನೂ ಗುಂಡಿಗಳನ್ನೂ ಒತ್ತುವುದು ಒಂದು. ಆಜ್ಞೆಯನ್ನು ಒಂದು ಸಾಲಿನಲ್ಲಿ ಅಕ್ಷರಗಳಿಂದಲೇ ಬರೆದು ಒಪ್ಪಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಕಮ್ಯಾಂಡ್ ಲೈನ್, ಎಂದರೆ ಆಜ್ಞಾಪಂಕ್ತಿ, ಎಂದು ಹೆಸರು. ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿಯೂ ಅದರ ಮಾದರಿಯನ್ನು ಅನುಸರಿಸಿದ ಲಿನಕ್ಸ್ ಮೊದಲಾದವುಗಳಲ್ಲಿಯೂ ಈ ಕ್ರಮವು ಹೆಚ್ಚು ಬೆಳೆದಿದೆ. ಅಲ್ಲಿ ಒಂದೊಂದು ಉಪಕರಣವು ಒಂದೊಂದೇ ಕೆಲಸವನ್ನು ಮಾಡುವುದು. ಒಂದರ ಫಲವನ್ನು ಮತ್ತೊಂದಕ್ಕೆ ಹಾಗೆಯೇ ಒಪ್ಪಿಸಬಹುದು. ಒಂದು ಕಡತದಲ್ಲಿರಲಿ, ಸಾವಿರ ಕಡತಗಳಲ್ಲಿರಲಿ, ಆಜ್ಞೆಯ ಉದ್ದವು ಹೆಚ್ಚುಕಡಿಮೆ ಒಂದೇ. ದೊಡ್ಡ ಗ್ರಂಥಮಾಲೆಗಳನ್ನು ಕೈಯಲ್ಲಿ ಹಿಡಿದವರಿಗೆ ಈ ಕ್ರಮವು ಇಷ್ಟವಾಗುವುದು ಇದರಿಂದಲೇ.

ಇಂತಹ ಉಪಕರಣಗಳಲ್ಲಿ ಎಫ್‌ಎಂಟಿ ಎಂಬುದೊಂದು. ‘ಫಾರ್ಮ್ಯಾಟ್’ ಎಂಬ ಶಬ್ದದಿಂದ ಮೂರು ವ್ಯಂಜನಗಳನ್ನು ಆರಿಸಿ ಮಾಡಿದ ಹೆಸರು ಇದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ೧೯೭೯ರಲ್ಲಿ ಹೊರಬಿದ್ದ ಯೂನಿಕ್ಸಿನ ಮೂರನೆಯ ಬರ್ಕ್ಲಿ ಆವೃತ್ತಿಯಲ್ಲಿ ಇದು ಕಾಣಿಸಿಕೊಂಡಿತು. ಇದನ್ನು ರಚಿಸಿದವರು ಕರ್ಟ್ ಶೋಯೆನ್ಸ್. ಗಣಕಯಂತ್ರದ ಮೂಲಕ ಕಳುಹಿಸುವ ಪತ್ರಗಳ ಸಾಲುಗಳು ಒಂದು ಉದ್ದ ಒಂದು ಗಿಡ್ಡವಾಗಿ ಕಾಣದಂತೆ, ಕಳುಹಿಸುವ ಮೊದಲು ಅವುಗಳನ್ನು ಹೊಂದಿಸುವುದೇ ಇದರ ಮೊದಲ ಉದ್ದೇಶವಾಗಿತ್ತು. ಅನಂತರ ಗ್ನೂ ಎಂಬ ಸ್ವತಂತ್ರ ತಂತ್ರಾಂಶಯೋಜನೆಯವರು ಇದೇ ಹೆಸರಿನ ಉಪಕರಣವನ್ನು ಬೇರೆಯಾಗಿ ರಚಿಸಿದರು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ದೊರೆಯುವುದು ಈ ಎರಡನೆಯದು. ಮುಂದಿನ ವಿವರಗಳೂ ಅದಕ್ಕೆ ಸಂಬಂಧಿಸಿದುವು.

ಇದು ಮಾಡುವ ಕೆಲಸಕ್ಕೆ ಪಂಕ್ತಿಪೂರಣವೆನ್ನಬಹುದು. ಕಡತದಲ್ಲಿ ಒಂದರ ಕೆಳಗೊಂದು ಬಂದ ಸಾಲುಗಳನ್ನು ಒಂದು ವಾಕ್ಯವೃಂದವೆಂದು ತಿಳಿದು, ಅವುಗಳ ಶಬ್ದಗಳನ್ನೆಲ್ಲ ಒಂದೇ ಸರದಲ್ಲಿ ಪೋಣಿಸಿ, ಗೊತ್ತಾದ ಅಗಲಕ್ಕೆ ಸರಿಹೋಗುವಂತೆ ಆ ಸರವನ್ನು ಮತ್ತೆ ತುಂಡರಿಸಿ ಕೊಡುವುದು ಅದರ ಕ್ರಮ. ಬೇರೆ ಅಗಲವನ್ನು ಹೇಳದಿದ್ದರೆ ೭೫ ಸ್ಥಾನಗಳನ್ನು ಅದು ಮೇರೆಯಾಗಿ ಇಟ್ಟುಕೊಳ್ಳುವುದು. ಆ ಮೇರೆಯ ಶೇಕಡಾ ೯೩ರಷ್ಟು ಉದ್ದವನ್ನು ಗುರಿಯಾಗಿ ಹಿಡಿದು ಸಾಲುಗಳನ್ನು ಆದಷ್ಟೂ ಅದರ ಹತ್ತಿರಕ್ಕೆ ತರುವುದು. ತುಂಡರಿಸುವುದು ಶಬ್ದಗಳ ನಡುವಿನ ತೆರಪಿನಲ್ಲಿ ಮಾತ್ರ. ಶಬ್ದವನ್ನು ನಡುವೆ ಒಡೆಯುವುದಿಲ್ಲ. ಬರಿದಾದ ಸಾಲು ಬಂದರೆ ವಾಕ್ಯವೃಂದವು ಮುಗಿಯಿತೆಂದು ತಿಳಿಯುವುದು. ಎರಡು ಸಾಲುಗಳ ಆರಂಭದ ತೆರಪು ಬೇರೆ ಬೇರೆಯಾಗಿದ್ದರೆ ಅವನ್ನು ಕೂಡಿಸುವುದಿಲ್ಲ. ಈ ಕೊನೆಯ ನಿಯಮವು ಸಣ್ಣದಾಗಿ ಕಂಡರೂ ಕನ್ನಡಪದ್ಯಗಳ ವಿಷಯದಲ್ಲಿ ವಿಚಿತ್ರವಾದ ಫಲವನ್ನು ಕೊಡುವುದೆಂಬುದು ಮುಂದೆ ತಿಳಿಯುವುದು.

ಸಾಲನ್ನು ಎಲ್ಲಿ ಮುರಿಯಬೇಕೆಂಬ ನಿರ್ಣಯದಲ್ಲಿಯೂ ಈ ಉಪಕರಣವು ಸಾಧಾರಣವಾದುದಲ್ಲ. ಬಂದಷ್ಟು ಶಬ್ದಗಳನ್ನು ತುರುಕಿ ಮಿಕ್ಕುದನ್ನು ಕೆಳಕ್ಕೆ ತಳ್ಳುವ ಒರಟು ಕ್ರಮವನ್ನು ಬಿಟ್ಟು, ಇದು ವಾಕ್ಯವೃಂದವನ್ನೆಲ್ಲ ಮೊದಲು ಓದಿಕೊಂಡು, ಯಾವ ಯಾವ ಕಡೆ ಮುರಿದರೆ ಒಟ್ಟಿನಲ್ಲಿ ಸಾಲುಗಳ ಏರುಪೇರು ಕಡಿಮೆಯಾಗುವುದೆಂದು ಲೆಕ್ಕಹಾಕುವುದು. ವಾಕ್ಯದ ಮೊದಲ ಶಬ್ದವೊಂದೇ ಸಾಲಿನ ಕೊನೆಯಲ್ಲಿ ನಿಲ್ಲದಂತೆಯೂ, ಕೊನೆಯ ಶಬ್ದವೊಂದೇ ಮುಂದಿನ ಸಾಲಿಗೆ ಬೀಳದಂತೆಯೂ ನೋಡಿಕೊಳ್ಳುವುದು. ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಎಂಬವರು ವಾಕ್ಯವೃಂದಗಳನ್ನು ಸಾಲುಗಳಾಗಿ ಒಡೆಯುವ ವಿಷಯದಲ್ಲಿ ೧೯೮೧ರಲ್ಲಿ ಪ್ರಕಟಿಸಿದ ಪ್ರಬಂಧದ ಕ್ರಮವೇ ಇದಕ್ಕೆ ಆಧಾರ. ಇಷ್ಟು ವಿವೇಕವಿರುವ ಉಪಕರಣಕ್ಕೆ ಇಲ್ಲದಿರುವುದು ಒಂದೇ: ಬಂದ ಪಾಠವು ಗದ್ಯವೋ ಪದ್ಯವೋ ಎಂಬ ತಿಳಿವಳಿಕೆ.

೨. ಪೂರ್ವಪರಂಪರೆ

ಈ ಕೊರತೆಯು ಮೊದಲಿನಿಂದಲೂ ಇದ್ದುದಲ್ಲ. ಗಣಕಯಂತ್ರದಿಂದ ಬರೆಹವನ್ನು ಹೊಂದಿಸುವ ಪ್ರಯತ್ನಗಳಲ್ಲಿ ಪ್ರಸಿದ್ಧವಾದ ರನ್ಆಫ್ ಎಂಬ ಕ್ರಮವನ್ನು ಜೆರೋಮ್ ಸಾಲ್ಟ್ಸರ್ ಎಂಬವರು ೧೯೬೪ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಚಿಸಿದರು. ಬರೆಹದ ನಡುನಡುವೆ, ಸಾಲಿನ ಆರಂಭದಲ್ಲಿ ಒಂದು ಬಿಂದುವನ್ನಿಟ್ಟು ಬರೆದುದನ್ನು ಆ ಯಂತ್ರವು ಆಜ್ಞೆಯೆಂದು ತಿಳಿಯುತ್ತಿತ್ತು, ಮಿಕ್ಕುದೆಲ್ಲವೂ ಪಾಠ. ಅದರ ಆಜ್ಞೆಗಳಲ್ಲಿ ‘ತುಂಬು’ ಎಂಬುದೂ ‘ತುಂಬಬೇಡ’ ಎಂಬುದೂ ಎರಡೂ ಇದ್ದುವು.

ಈ ಪರಂಪರೆಯು ಬೆಲ್ ಪ್ರಯೋಗಾಲಯಕ್ಕೆ ಬಂದು ರಾಫ್ ಎಂಬ ಹೆಸರನ್ನು ತಾಳಿತು. ಯೂನಿಕ್ಸ್ ವ್ಯವಸ್ಥೆಯು ಆ ಪ್ರಯೋಗಾಲಯದಲ್ಲಿ ನೆಲೆಯೂರುವುದಕ್ಕೆ ಬರೆಹವನ್ನು ಹೊಂದಿಸುವ ಕೆಲಸವೇ ಒಂದು ಮುಖ್ಯ ಕಾರಣವಾಯಿತೆಂಬುದು ಗಮನಿಸತಕ್ಕ ಸಂಗತಿ. ಅಲ್ಲಿಯ ಪೇಟೆಂಟ್ ವಿಭಾಗದವರು ೧೯೭೧ರಲ್ಲಿ ತಮ್ಮ ಅರ್ಜಿಗಳನ್ನು ಸಿದ್ಧಪಡಿಸಲು ಈ ವ್ಯವಸ್ಥೆಯನ್ನು ಬಳಸತೊಡಗಿದರು. ತರುವಾಯ ಜೋಸೆಫ್ ಒಸ್ಸಾನ ಎಂಬವರು ನ್‌ರಾಫ್, ಟ್ರಾಫ್ ಎಂಬ ಎರಡು ಕ್ರಮಗಳನ್ನು ರಚಿಸಿದರು. ಮೊದಲನೆಯದು ಬೆರಳಚ್ಚಿನಂತಹ ಯಂತ್ರಗಳಿಗೆ, ಎರಡನೆಯದು ಛಾಯಾಕ್ಷರ ಜೋಡಣೆಯ ಯಂತ್ರಕ್ಕೆ. ಒಸ್ಸಾನರು ೧೯೭೭ರಲ್ಲಿ ತೀರಿಕೊಂಡ ಮೇಲೆ ಬ್ರಯನ್ ಕರ್ನಿಹಾನ್ ಎಂಬವರು ಟ್ರಾಫನ್ನು ಯಾವುದೇ ಮುದ್ರಣಯಂತ್ರಕ್ಕೂ ಹೊಂದುವಂತೆ ತಿದ್ದಿದರು. ಕರ್ನಿಹಾನ್ ಮತ್ತು ಡೆನಿಸ್ ರಿಚಿಯವರು ಸಿ ಎಂಬ ಯಂತ್ರಭಾಷೆಯ ಮೇಲೆ ಬರೆದು ೧೯೭೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪುಸ್ತಕದ ಅಕ್ಷರಜೋಡಣೆಯು ಟ್ರಾಫಿನಿಂದಲೇ ಆದುದು. ಗ್ನೂ ಯೋಜನೆಗಾಗಿ ಜೇಮ್ಸ್ ಕ್ಲಾರ್ಕ್ ೧೯೯೦ರಲ್ಲಿ ಹೊರತಂದ ಗ್ರಾಫ್ ಎಂಬುದು ಈ ವಂಶದ ಕುಡಿ, ಇಂದಿಗೂ ಬಳಕೆಯಲ್ಲಿದೆ.

ಈ ವಂಶದ ಕ್ರಮಗಳಲ್ಲೆಲ್ಲ ಬಿಂದುವಿನ ಮುಂದೆ ಎರಡು ಅಕ್ಷರಗಳನ್ನು ಬರೆದು ‘ಇಲ್ಲಿಂದ ಮುಂದೆ ಸಾಲುಗಳನ್ನು ಇದ್ದಂತೆಯೇ ಇಡು’ ಎಂದು ವಿಧಿಸಬಹುದು. ಮತ್ತೆರಡು ಅಕ್ಷರಗಳಿಂದ ‘ಇನ್ನು ತುಂಬಬಹುದು’ ಎಂದು ಅಪ್ಪಣೆ ಕೊಡಬಹುದು. ಎಂದರೆ ಪದ್ಯವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬ ತಿಳಿವಳಿಕೆಯು ಪಾಠದೊಳಗೇ ದಾಖಲೆಯಾಗಿರುವುದು. ಎಫ್‌ಎಂಟಿಯಾದರೋ ಆಜ್ಞೆಗಳಿಲ್ಲದ ಬರಿಯ ಪಾಠವನ್ನು ತೆಗೆದುಕೊಳ್ಳುವುದು. ಅದರ ಸೌಲಭ್ಯವೂ ಅದೇ, ಅಪಾಯವೂ ಅದೇ. ಏನನ್ನೂ ಕಲಿಯದೆ ಬಳಸಬಹುದಾದ ಉಪಕರಣಕ್ಕೆ ಏನನ್ನೂ ತಿಳಿಸುವ ದಾರಿಯಿಲ್ಲದೆ ಹೋಗುವುದು ಸಹಜ.

೩. ಸಾಲಿನ ಅರ್ಥಭೇದಗಳು

ಸಾಲು ಮುರಿದಿದೆ ಎಂಬ ಸಂಗತಿಗೆ ಎಲ್ಲ ಪಾಠಗಳಲ್ಲಿಯೂ ಒಂದೇ ಅರ್ಥವಿಲ್ಲ. ಕನ್ನಡದ ಗ್ರಂಥರಾಶಿಯಲ್ಲಿ ಇದಕ್ಕೆ ನಾಲ್ಕು ಬಗೆಯ ಅರ್ಥಗಳನ್ನಾದರೂ ಕಾಣಬಹುದು.

ಮೊದಲನೆಯದು ಗದ್ಯದ ಸಾಲು. ಇಲ್ಲಿ ಸಾಲು ಮುರಿಯುವುದು ಕಾಗದವು ಮುಗಿಯಿತೆಂದೇ ಹೊರತು ಮಾತು ಮುಗಿಯಿತೆಂದಲ್ಲ. ಪುಟದ ಅಗಲವು ಬದಲಾದರೆ ಸಾಲೂ ಬದಲಾಗುವುದು. ಪಾಠಕ್ಕೆ ಏನೂ ಊನವಿಲ್ಲ. ಎಫ್‌ಎಂಟಿಯು ತಿಳಿದಿರುವುದು ಈ ಒಂದು ಬಗೆಯನ್ನು ಮಾತ್ರ.

ಎರಡನೆಯದು ಪದ್ಯದ ಪಾದ. ಇಲ್ಲಿ ಸಾಲಿನ ಕೊನೆಯು ಛಂದಸ್ಸಿನ ಕೊನೆ. ಕಂದಪದ್ಯದ ನಾಲ್ಕು ಪಾದಗಳಿಗೆ ೧೨, ೨೦, ೧೨, ೨೦ ಮಾತ್ರೆಗಳು, ಭಾಮಿನೀಷಟ್ಪದಿಯ ೧, ೨, ೪, ೫ನೆಯ ಪಾದಗಳಿಗೆ ೧೪, ೩ ಮತ್ತು ೬ನೆಯ ಪಾದಗಳಿಗೆ ೨೩, ಒಟ್ಟು ೧೦೨. ಸಾಲು ಅಳಿಸಿಹೋದರೆ ಈ ವಿನ್ಯಾಸವು ಕಣ್ಣಿಗೆ ಕಾಣದೆ ಹೋಗುವುದು.

ಮೂರನೆಯದು ವಚನದ ಸಾಲು. ವಚನಗಳನ್ನು ಇಂದು ಸಾಲುಸಾಲಾಗಿ ಅಚ್ಚುಹಾಕುವುದು ರೂಢಿಯಾಗಿದೆ. ಓಲೆಗಳಲ್ಲಾದರೋ ಅವು ಗದ್ಯದಂತೆಯೇ ಹರಿದು ಬರುವುವು. ಆದುದರಿಂದ ಇಲ್ಲಿಯ ಸಾಲು ಅರ್ಥವನ್ನೂ ಲಯವನ್ನೂ ಗಮನಿಸಿ ಸಂಪಾದಕನು ಮಾಡಿದ ವ್ಯಾಖ್ಯಾನ. ಅದನ್ನು ಒಪ್ಪಬಹುದು, ಒಪ್ಪದಿರಬಹುದು. ಆದರೆ ಅದು ಯಾರೋ ಒಬ್ಬರು ಆಲೋಚಿಸಿ ಮಾಡಿದ ನಿರ್ಣಯವಾದುದರಿಂದ ಅದನ್ನು ತಿಳಿಯದೆ ಅಳಿಸುವುದು ಯುಕ್ತವಲ್ಲ.

ನಾಲ್ಕನೆಯದು ಶಾಸನದ ಸಾಲು. ಕಲ್ಲಿನ ಮೇಲೆ ಸಾಲು ಎಲ್ಲಿ ಮುರಿದಿದೆಯೋ ಅಲ್ಲಿಯೇ ಪಾಠದಲ್ಲಿಯೂ ಮುರಿದು, ಸಾಲಿಗೆ ಸಂಖ್ಯೆಯನ್ನು ಹಾಕುವುದು ಶಾಸನಸಂಪಾದಕರ ಕ್ರಮ. ಹಲ್ಮಿಡಿಯ ಶಾಸನವು ೧೬ ಸಾಲುಗಳದು. ಅದರ ಯಾವ ಶಬ್ದವನ್ನು ಚರ್ಚಿಸುವಾಗಲೂ ವಿದ್ವಾಂಸರು ಸಾಲಿನ ಸಂಖ್ಯೆಯನ್ನು ಹೇಳುವರು. ಕಲ್ಲಿನ ಅಂಚು ಒಡೆದು ಅಕ್ಷರಗಳು ಹೋಗಿರುವ ಕಡೆಗಳಲ್ಲಿ, ಎಷ್ಟು ಅಕ್ಷರಗಳು ಹೋಗಿರಬಹುದೆಂಬ ಊಹೆಗೂ ಸಾಲೇ ಆಧಾರ. ಇಂತಹ ಪಾಠವನ್ನು ತುಂಬಿದರೆ ಸಾಲಿನ ಸಂಖ್ಯೆಗಳು ಪಾಠದ ನಡುವೆ ಬಂದು ಸೇರಿಕೊಂಡು, ಶಕವರ್ಷ ಮೊದಲಾದ ಶಾಸನದ ಅಂಕೆಗಳೊಡನೆ ಬೆರೆತುಹೋಗುವ ಸಂಭವವುಂಟು.

೪. ಪದ್ಯಕ್ಕೆ ಆಗುವ ಹಾನಿ

ಸಾಲುಗಳು ಕೂಡಿಹೋದರೂ ಶಬ್ದಗಳು ಉಳಿದಿರುವುವಲ್ಲ, ಛಂದಸ್ಸನ್ನು ಬಲ್ಲವರು ಮತ್ತೆ ಬಿಡಿಸಿಕೊಳ್ಳಬಹುದಲ್ಲ ಎಂದು ಕೆಲವರು ಹೇಳಬಹುದು. ಕನ್ನಡದ ಮಟ್ಟಿಗೆ ಈ ಸಮಾಧಾನವು ನಿಲ್ಲುವುದಿಲ್ಲ. ಕನ್ನಡ ಕವಿಗಳು ಯತಿಯನ್ನು ಮೀರುವುದನ್ನು ದೋಷವೆಂದು ಎಣಿಸಿದವರಲ್ಲ. ಪಾದದ ಕೊನೆಯಲ್ಲಿ ಶಬ್ದವು ಮುಗಿಯಲೇಬೇಕೆಂಬ ನಿರ್ಬಂಧವಿಲ್ಲದೆ, ಅರ್ಧಶಬ್ದವು ಈ ಪಾದದಲ್ಲಿಯೂ ಮಿಕ್ಕರ್ಧವು ಮುಂದಿನ ಪಾದದಲ್ಲಿಯೂ ಬರುವುದು ಚಂಪೂಕಾವ್ಯಗಳಲ್ಲಿಯೂ ಷಟ್ಪದಿಗಳಲ್ಲಿಯೂ ಹೆಜ್ಜೆಹೆಜ್ಜೆಗೂ ಕಾಣುವ ಸಂಗತಿ.

ಉದಾಹರಣೆಗೆ, ‘ಬಂದನು’ ಎಂಬ ಕ್ರಿಯಾಪದವು ಪಾದಾಂತ್ಯದಲ್ಲಿ ‘ಬಂ’ ಎಂದು ನಿಂತು ಮುಂದಿನ ಪಾದದ ಆದಿಯಲ್ಲಿ ‘ದನು’ ಎಂದು ಮುಂದುವರಿದಿದೆಯೆಂದು ಭಾವಿಸಬಹುದು. ಸಾಲುಗಳು ಬೇರೆ ಬೇರೆಯಾಗಿರುವವರೆಗೆ, ‘ಬಂ’ ಎಂಬುದು ಸಾಲಿನ ಕೊನೆಯಲ್ಲಿದೆ, ಅದು ಮುಂದಿನದರೊಡನೆ ಕೂಡಬಹುದು ಎಂಬ ಸೂಚನೆಯಾದರೂ ಉಳಿದಿರುವುದು. ಎಫ್‌ಎಂಟಿಯು ಆ ಎರಡು ಸಾಲುಗಳನ್ನು ಕೂಡಿಸುವಾಗ ನಡುವೆ ಒಂದು ತೆರಪನ್ನು ಇಡುವುದು; ಪಾಠವು ‘ಬಂ ದನು’ ಎಂದಾಗುವುದು. ಇನ್ನು ಇವೆರಡೂ ಬೇರೆ ಶಬ್ದಗಳೇ. ಈ ಕಡತದಿಂದ ಪದಸೂಚಿಯನ್ನು ಮಾಡಹೊರಟವನಿಗೆ ‘ಬಂದನು’ ಎಂಬ ಪ್ರಯೋಗವೊಂದು ಕಾಣದೆ ಹೋಗುವುದು. ಅದಕ್ಕೆ ಬದಲಾಗಿ ದಾನವರ ತಾಯಿಯಾದ ದನುವಿನ ಹೆಸರು ಕವಿಯು ಹೇಳದ ಕಡೆಯಲ್ಲಿ ದೊರೆಯುವುದು. ಶಬ್ದವು ಒಡೆದಿದೆಯೆಂದು ತೋರಿಸಲು ಸಂಪಾದಕನು ಅಡ್ಡಗೀಟನ್ನು ಹಾಕಿದ್ದರೂ, ಅದನ್ನು ಬಿಡದೆ ‘ಬಂ- ದನು’ ಎಂದೇ ಮಾಡುವುದು.

ಈ ಹಾನಿಯನ್ನು ಕಂಡುಹಿಡಿಯುವುದೂ ಸುಲಭವಲ್ಲ. ಸಾಲಿನ ಕೊನೆಯೆಂಬುದು ಕಡತದೊಳಗೆ ಒಂದು ಸಂಕೇತ. ಅದರ ಅಂಕೆ ೧೦. ಶಬ್ದಗಳ ನಡುವಿನ ತೆರಪು ಇನ್ನೊಂದು ಸಂಕೇತ. ಅದರ ಅಂಕೆ ೩೨. ಪೂರಣವೆಂದರೆ ಬಹುಮಟ್ಟಿಗೆ ಹತ್ತನ್ನು ಮೂವತ್ತೆರಡನ್ನಾಗಿಯೂ ಮೂವತ್ತೆರಡನ್ನು ಹತ್ತನ್ನಾಗಿಯೂ ಮಾಡುವುದೇ. ಕಡತದ ಶಬ್ದಗಳನ್ನು ಎಣಿಸುವ ಡಬ್ಲ್ಯುಸಿ ಎಂಬ ಉಪಕರಣಕ್ಕೆ ಈ ಎರಡೂ ಶಬ್ದಗಳ ಎಲ್ಲೆಗಳೇ ಆದುದರಿಂದ, ಪೂರಣಕ್ಕೆ ಮೊದಲೂ ಅನಂತರವೂ ಅದು ಹೇಳುವ ಶಬ್ದಸಂಖ್ಯೆಯು ಒಂದೇ. ಲೆಕ್ಕವು ಸರಿಯಾಗಿದೆ, ಪಾಠವು ಮಾತ್ರ ಕೆಟ್ಟಿದೆ. ಯಾವ ತೆರಪು ಮೊದಲು ಪಾದಾಂತ್ಯವಾಗಿತ್ತು, ಯಾವುದು ಮೊದಲಿನಿಂದಲೂ ತೆರಪೇ ಆಗಿತ್ತು ಎಂಬುದನ್ನು ಹೇಳುವ ಗುರುತು ಕಡತದಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಮತ್ತೆ ಬಿಡಿಸಬೇಕಾದರೆ, ಓಲೆಯ ಮುಂದೆ ಕುಳಿತ ಮೊದಲ ಸಂಪಾದಕನಂತೆ ಪ್ರಾಸವನ್ನೂ ಮಾತ್ರೆಗಳನ್ನೂ ಎಣಿಸುತ್ತ ಹೋಗಬೇಕು.

ಆರಂಭದ ತೆರಪು ಬೇರೆಯಾದ ಸಾಲುಗಳನ್ನು ಈ ಉಪಕರಣವು ಕೂಡಿಸುವುದಿಲ್ಲವೆಂದು ಮೇಲೆ ಹೇಳಿದೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆದಿದ್ದರೆ ಆಗುವುದೇನು? ಒಂದನೆಯ ಎರಡನೆಯ ಪಾದಗಳು ಕೂಡಿಹೋಗುವುವು, ಮೂರನೆಯದು ಒಂಟಿಯಾಗಿ ನಿಲ್ಲುವುದು, ನಾಲ್ಕು ಐದು ಕೂಡುವುವು, ಆರನೆಯದು ಒಂಟಿ. ಆರು ಪಾದಗಳ ಪದ್ಯವು ನಾಲ್ಕು ಸಾಲುಗಳ ಬೇರೊಂದು ಬಂಧದಂತೆ ಕಾಣುವುದು. ಪೂರ್ತಿ ಕೆಟ್ಟುದಕ್ಕಿಂತ ಈ ಅರೆಕೆಡುಕು ಹೆಚ್ಚು ಮೋಸಗೊಳಿಸುವಂತಹುದು. ಏಕೆಂದರೆ ಅದು ನೋಡುವುದಕ್ಕೆ ಕ್ರಮಬದ್ಧವಾಗಿಯೇ ಇರುವುದು. ಕಂದಪದ್ಯದ ಎರಡನೆಯ ನಾಲ್ಕನೆಯ ಪಾದಗಳನ್ನು ಒಳಕ್ಕೆ ಸರಿಸಿ ಬರೆದಿದ್ದರಾದರೋ ಅಕ್ಕಪಕ್ಕದ ಯಾವ ಎರಡು ಸಾಲಿನ ಆರಂಭವೂ ಒಂದೇ ಆಗದೆ, ಪದ್ಯವು ಆಕಸ್ಮಿಕವಾಗಿ ಉಳಿದುಕೊಳ್ಳುವುದು.

ಪದ್ಯಸಂಖ್ಯೆಗಳ ಗತಿಯೂ ಚಿಂತಿಸತಕ್ಕುದೇ. ಬಿಂದು, ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳನ್ನು ವಾಕ್ಯದ ಕೊನೆಯೆಂದು ಈ ಉಪಕರಣವು ಬಲ್ಲುದು. ದಂಡವನ್ನೂ ಜೋಡಿದಂಡವನ್ನೂ ಅರಿಯದು. ‘॥ ೧೨ ॥’ ಎಂದು ತೆರಪು ಬಿಟ್ಟು ಬರೆದಿದ್ದರೆ ಅದು ಮೂರು ಶಬ್ದಗಳೆಂದೇ ಎಣಿಕೆ; ಒಂದು ದಂಡವು ಮೇಲಿನ ಸಾಲಿನಲ್ಲಿ ಉಳಿದು ಅಂಕೆಯು ಕೆಳಗಿನ ಸಾಲಿಗೆ ಜಾರಬಹುದು.

೫. ಎಣಿಕೆಯ ತೊಡಕು

ಇದುವರೆಗೆ ಹೇಳಿದುದು ಯಾವ ಭಾಷೆಯ ಪದ್ಯಕ್ಕಾದರೂ ಸ್ವಲ್ಪಮಟ್ಟಿಗೆ ಅನ್ವಯಿಸುವುದು. ಕನ್ನಡ ಲಿಪಿಗೇ ಸಂಬಂಧಿಸಿದ ತೊಡಕು ಇನ್ನೊಂದುಂಟು. ಉಪಕರಣವು ೭೫ ಸ್ಥಾನಗಳನ್ನು ಎಣಿಸುವುದೆಂದರೆ ಏನನ್ನು ಎಣಿಸುವುದು?

ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸಿದ ಯೂನಿಕೋಡ್ ಎಂಬ ಸಂಕೇತಕ್ರಮವು ೧೯೯೧ರಲ್ಲಿ ಹೊರಬಂದಿತು. ಕನ್ನಡವೂ ಅದರಲ್ಲಿ ಸೇರಿದೆ. ಅದರಲ್ಲಿ ವ್ಯಂಜನಕ್ಕೆ ಒಂದು, ಸ್ವರಚಿಹ್ನೆಗೆ ಒಂದು, ವ್ಯಂಜನಗಳನ್ನು ಒತ್ತಾಗಿ ಕೂಡಿಸುವ ವಿರಾಮಚಿಹ್ನೆಗೆ ಒಂದು, ಹೀಗೆ ಬೇರೆ ಬೇರೆ ಸಂಕೇತಗಳು. ಈ ಸಂಕೇತಗಳನ್ನು ಕಡತದಲ್ಲಿ ಬೈಟುಗಳಾಗಿ ಬರೆದಿಡುವ ಯುಟಿಎಫ್-೮ ಎಂಬ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದರು. ಅದರ ಪ್ರಕಾರ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು.

ಹೀಗಿರುವಲ್ಲಿ ‘ಸಾಹಿತ್ಯ’ ಎಂಬ ಶಬ್ದವನ್ನು ನೋಡಬಹುದು. ವ್ಯಾಕರಣದ ಪ್ರಕಾರ ಇದರಲ್ಲಿ ಅಕ್ಷರಗಳು ೩. ಯೂನಿಕೋಡಿನಲ್ಲಿ ಸಕಾರ, ಆಕಾರಚಿಹ್ನೆ, ಹಕಾರ, ಇಕಾರಚಿಹ್ನೆ, ತಕಾರ, ವಿರಾಮ, ಯಕಾರ ಎಂದು ಸಂಕೇತಗಳು ೭. ಕಡತದಲ್ಲಿ ಬೈಟುಗಳು ೨೧. ಇಂಗ್ಲಿಷಿನಲ್ಲಿ ಈ ಮೂರು ಎಣಿಕೆಗಳೂ ಸಾಮಾನ್ಯವಾಗಿ ಒಂದೇ ಆದುದರಿಂದ ಹಳೆಯ ಉಪಕರಣಗಳನ್ನು ರಚಿಸಿದವರಿಗೆ ಭೇದವನ್ನು ಮಾಡುವ ಕಾರಣವಿರಲಿಲ್ಲ. ಗ್ನೂ ಎಫ್‌ಎಂಟಿಯ ಬಹುಕಾಲ ಬಳಕೆಯಲ್ಲಿರುವ ರೂಪಗಳು ಎಣಿಸುವುದು ಬೈಟುಗಳನ್ನು.

ಇದರ ಫಲವನ್ನು ಲೆಕ್ಕಹಾಕಿ ತಿಳಿಯಬಹುದು. ‘ಕನ್ನಡ ಸಾಹಿತ್ಯದ ಇತಿಹಾಸ’ ಎಂಬ ಮೂರು ಶಬ್ದಗಳಿಗೆ ಕ್ರಮವಾಗಿ ೧೫, ೨೪, ೧೮ ಬೈಟುಗಳು. ಎರಡು ತೆರಪುಗಳು ಸೇರಿ ಒಟ್ಟು ೫೯. ಅಕ್ಷರಗಳಾದರೋ ೧೧ ಮಾತ್ರ. ಮುಂದೆ ‘ಬರೆಯುವವರು’ ಎಂಬ ಶಬ್ದವಿದ್ದರೆ ಅದಕ್ಕೆ ೨೭ ಬೈಟುಗಳು ಬೇಕು. ತೆರಪಿನೊಡನೆ ೮೭ ಆಗಿ ೭೫ರ ಮೇರೆಯನ್ನು ಮೀರುವುದು. ಆದಕಾರಣ ಸಾಲು ಮೂರು ಶಬ್ದಗಳಿಗೇ ಮುಗಿಯುವುದು. ‘ಕರ್ನಾಟಕಭಾರತಕಥಾಮಂಜರಿ’ ಎಂಬ ಸಮಾಸವೊಂದೇ ೫೭ ಬೈಟುಗಳನ್ನು ನುಂಗುವುದು. ಇಂಗ್ಲಿಷಿಗೆ ತಕ್ಕ ಅಗಲದಲ್ಲಿ ಕನ್ನಡವನ್ನು ತುಂಬಿದಾಗ ಪುಟದ ಮುಕ್ಕಾಲುಪಾಲು ಬರಿದಾಗಿ, ಗದ್ಯವೇ ಪದ್ಯದಂತೆ ಕಾಣುವುದು ಇದರಿಂದಲೇ.

ಬೈಟುಗಳ ಬದಲು ಸಂಕೇತಗಳನ್ನು ಎಣಿಸುವ ಉಪಕರಣಗಳೂ ಉಂಟು. ಅವುಗಳಿಂದ ತೊಡಕು ಕಡಿಮೆಯಾಗುವುದೇ ಹೊರತು ತೀರುವುದಿಲ್ಲ. ಒತ್ತಕ್ಷರವು ಮೂಲಾಕ್ಷರದ ಕೆಳಗೆ ಬರುವುದರಿಂದ ಅದು ತೆಗೆದುಕೊಳ್ಳುವ ಅಗಲಕ್ಕೂ ಸಂಕೇತಗಳ ಸಂಖ್ಯೆಗೂ ನೇರವಾದ ಸಂಬಂಧವಿಲ್ಲ. ಶಬ್ದದ ನಡುವೆಯೇ ಕತ್ತರಿಸುವ ಫೋಲ್ಡ್ ಎಂಬ ಇನ್ನೊಂದು ಉಪಕರಣದಲ್ಲಿ ಈ ದೋಷವು ಮತ್ತಷ್ಟು ವಿಷಮವಾಗುವುದು. ಬೈಟುಗಳನ್ನೇ ಎಣಿಸುವಂತೆ ಅದಕ್ಕೆ ಹೇಳಿದರೆ, ಒಂದು ಸಂಕೇತದ ಮೂರು ಬೈಟುಗಳ ನಡುವೆಯೇ ಕತ್ತರಿ ಬೀಳಬಹುದು. ಆಗ ಆ ಕಡೆಯಲ್ಲಿ ಅಕ್ಷರವೇ ಇಲ್ಲದೆ ಅರ್ಥವಿಲ್ಲದ ಗುರುತುಗಳು ಕಾಣುವುವು.

೬. ಪ್ರಯೋಗಕ್ರಮ

ಇಷ್ಟು ದೋಷಗಳನ್ನು ಹೇಳಿದುದರಿಂದ ಉಪಕರಣವು ತ್ಯಾಜ್ಯವೆಂದು ತಿಳಿಯಬಾರದು. ಅದರ ಸ್ವಭಾವವನ್ನು ಅರಿತು ಬಳಸಿದರೆ ಅದು ನಂಬಿಕೆಯ ಆಳು. ಅದಕ್ಕೆ ಕೊಡಬಹುದಾದ ಸೂಚನೆಗಳಲ್ಲಿ ಕನ್ನಡದ ವಿದ್ವಾಂಸರಿಗೆ ಮೂರು ಮುಖ್ಯವಾದುವು.

ಮೊದಲನೆಯದು ಅಗಲದ ಸೂಚನೆ. ಆಜ್ಞೆಯ ಮುಂದ ಅಡ್ಡಗೀಟು, ‘ಡಬ್ಲ್ಯು’ ಎಂಬ ಅಕ್ಷರ, ಬೇಕಾದ ಅಂಕೆ, ಇವನ್ನು ಬರೆದರೆ ಮೇರೆಯು ಬದಲಾಗುವುದು. ಮೇಲಿನ ಉದಾಹರಣೆಗಳಲ್ಲಿ ಒಂದು ಅಕ್ಷರಕ್ಕೆ ಸರಾಸರಿ ಸುಮಾರು ಐದು ಬೈಟುಗಳು ಬಿದ್ದಿವೆ. ಆದುದರಿಂದ ಸಾಲಿಗೆ ೪೦ ಅಕ್ಷರಗಳಷ್ಟು ಗದ್ಯ ಬೇಕಾದವರು, ಬೈಟುಗಳನ್ನು ಎಣಿಸುವ ಉಪಕರಣಕ್ಕೆ ೨೦೦ ಎಂದು ಹೇಳುವುದು ಯುಕ್ತ.

ಎರಡನೆಯದು ‘ಎಸ್’ ಎಂಬ ಸೂಚನೆ. ಇದನ್ನು ಕೊಟ್ಟರೆ ಉಪಕರಣವು ಉದ್ದವಾದ ಸಾಲುಗಳನ್ನು ಒಡೆಯುವುದೇ ಹೊರತು ಗಿಡ್ಡಸಾಲುಗಳನ್ನು ಕೂಡಿಸುವುದಿಲ್ಲ. ಪದ್ಯಕ್ಕೆ ಇದು ಅಭಯವೆಂದು ತೋರಬಹುದು. ಆದರೆ ಅಗಲದ ಸೂಚನೆಯಿಲ್ಲದೆ ಇದೊಂದನ್ನೇ ನಂಬಲಾಗದು. ಭಾಮಿನೀಷಟ್ಪದಿಯ ೧೪ ಮಾತ್ರೆಯ ಪಾದದಲ್ಲಿ ಹತ್ತು ಅಕ್ಷರಗಳಿದ್ದರೆ ಬೈಟುಗಳು ೫೦ರ ಆಸುಪಾಸು; ಅದು ೭೫ರೊಳಗೆ ಉಳಿಯುವುದು. ೨೩ ಮಾತ್ರೆಯ ಪಾದದಲ್ಲಿ ಹದಿನಾರು ಹದಿನೇಳು ಅಕ್ಷರಗಳಿದ್ದರೆ ಬೈಟುಗಳು ೮೦ನ್ನು ಮುಟ್ಟುವುವು. ಆ ಪಾದವು ಎರಡಾಗಿ ಒಡೆಯುವುದು. ಆರು ಪಾದಗಳು ಎಂಟು ಸಾಲುಗಳಾಗುವುವು. ಅಗಲವನ್ನು ಧಾರಾಳವಾಗಿ ಹೆಚ್ಚಿಸಿದರೆ ಮಾತ್ರ ಈ ಸೂಚನೆಯು ಪದ್ಯವನ್ನು ಕಾಯುವುದು.

ಮೂರನೆಯದು ‘ಪಿ’ ಎಂಬ ಸೂಚನೆ. ಚಂಪೂಗ್ರಂಥಗಳಿಗೆ ಇದಕ್ಕಿಂತ ಉಪಯುಕ್ತವಾದುದಿಲ್ಲ. ಹತ್ತನೆಯ ಶತಮಾನದ ಪಂಪನ ವಿಕ್ರಮಾರ್ಜುನವಿಜಯದಂತಹ ಕಾವ್ಯದಲ್ಲಿ ಗದ್ಯವೂ ಪದ್ಯವೂ ಒಂದರ ಬೆನ್ನಿಗೊಂದು ಬರುವುವು. ಗದ್ಯವನ್ನು ತುಂಬಬೇಕು, ಪದ್ಯವನ್ನು ಮುಟ್ಟಬಾರದು. ಗದ್ಯದ ಸಾಲುಗಳ ಆದಿಯಲ್ಲಿ ಮಾತ್ರ ‘%’ ಎಂಬಂತಹ ಒಂದು ಗುರುತನ್ನಿಟ್ಟು, ‘ಪಿ’ ಸೂಚನೆಯೊಡನೆ ಆ ಗುರುತನ್ನು ಹೇಳಿದರೆ, ಉಪಕರಣವು ಆ ಗುರುತಿರುವ ಸಾಲುಗಳನ್ನು ಮಾತ್ರ ತುಂಬಿ, ತುಂಬಿದ ಸಾಲುಗಳಿಗೆ ಮತ್ತೆ ಗುರುತನ್ನು ಹಚ್ಚಿಕೊಡುವುದು. ಗುರುತಿಲ್ಲದ ಸಾಲುಗಳು ಇದ್ದಂತೆಯೇ ಹೊರಬರುವುವು. ರನ್ಆಫಿನ ಕಾಲದ ‘ತುಂಬು’, ‘ತುಂಬಬೇಡ’ ಎಂಬ ವಿಧಿನಿಷೇಧಗಳು ಈ ರೀತಿಯಾಗಿ ಹಿಂದಿನ ಬಾಗಿಲಿನಿಂದ ಮತ್ತೆ ಒಳಕ್ಕೆ ಬಂದಂತಾಯಿತು.

ಇವಲ್ಲದೆ ಕಡತವನ್ನು ಇಟ್ಟುಕೊಳ್ಳುವ ರೀತಿಯ ವಿಷಯದಲ್ಲಿಯೂ ಒಂದು ಮಾತುಂಟು. ಪಾಠಾಂತರಗಳನ್ನು ಹೋಲಿಸುವವರು ಡಿಫ್ ಎಂಬ ಉಪಕರಣವನ್ನು ಬಳಸುವರು. ಅದು ಎರಡು ಕಡತಗಳನ್ನು ಸಾಲಿಗೆ ಸಾಲು ಹೋಲಿಸಿ ಭೇದವನ್ನು ತೋರಿಸುವುದು. ತುಂಬಿದ ಗದ್ಯದ ಮೊದಲ ಸಾಲಿಗೆ ಒಂದು ಶಬ್ದವನ್ನು ಸೇರಿಸಿ ಮತ್ತೆ ತುಂಬಿದರೆ, ಆ ವಾಕ್ಯವೃಂದದ ಮುಂದಿನ ಸಾಲುಗಳೆಲ್ಲವೂ ಜರುಗಬಹುದು. ಆಗ ಒಂದು ಶಬ್ದದ ಪಾಠಾಂತರವು ಇಪ್ಪತ್ತು ಸಾಲುಗಳ ಪಾಠಾಂತರದಂತೆ ಕಾಣುವುದು. ಕರ್ನಿಹಾನರು ಯೂನಿಕ್ಸನ್ನು ಹೊಸದಾಗಿ ಕಲಿಯುವವರಿಗೆಂದು ೧೯೭೦ರ ದಶಕದಲ್ಲಿ ಬರೆದ ಕೈಪಿಡಿಯಲ್ಲಿ, ಒಂದೊಂದು ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಬೇಕೆಂದು ಸಲಹೆ ಮಾಡಿರುವರು. ಮೂಲಕಡತದಲ್ಲಿ ಗದ್ಯಕ್ಕೆ ವಾಕ್ಯಕ್ಕೊಂದು ಸಾಲು, ಪದ್ಯಕ್ಕೆ ಪಾದಕ್ಕೊಂದು ಸಾಲು, ಶಾಸನಕ್ಕೆ ಕಲ್ಲಿನ ಸಾಲಿಗೊಂದು ಸಾಲು ಎಂಬ ನಿಯಮವನ್ನಿಟ್ಟುಕೊಂಡರೆ, ಸಾಲಿನ ಕೊನೆಗೆ ಎಲ್ಲೆಲ್ಲಿಯೂ ಒಂದು ಅರ್ಥವಿರುವುದು. ಹೋಲಿಕೆಯೂ ಪದಸೂಚಿಯೂ ಸುಗಮವಾಗುವುವು. ಓದುವವರಿಗೆ ಬೇಕಾದ ಅಗಲದ ಪ್ರತಿಯನ್ನು ಆ ಮೂಲದಿಂದ ಬೇಕೆಂದಾಗಲೆಲ್ಲ ಬೇರೆಯಾಗಿ ತುಂಬಿಕೊಳ್ಳಬಹುದು. ತುಂಬಿದ ಪ್ರತಿಯನ್ನು ಮೂಲದ ಹೆಸರಿನಿಂದಲೇ ಉಳಿಸಿ ಮೂಲವನ್ನು ಅಳಿಸುವುದೊಂದೇ ಮಾಡಬಾರದ ಕೆಲಸ.

ಪೂರಣವು ಗ್ರಂಥಸಂಪಾದನೆಯ ಕೊನೆಯ ಕೆಲಸವಾಗಬಹುದೇ ಹೊರತು ಮೊದಲ ಕೆಲಸವಾಗಬಾರದು. ತಾಳೆಯೋಲೆಯ ಲಿಪಿಕಾರನು ಪಾದಗಳನ್ನು ಕೂಡಿಸಿ ಬರೆದುದು ಓಲೆಯ ಅಗಲವು ಅಷ್ಟೇ ಇದ್ದುದರಿಂದ; ಅವನಿಗೂ ಅವನ ಓದುಗನಿಗೂ ಛಂದಸ್ಸು ಕಿವಿಯಲ್ಲಿತ್ತು. ಯಂತ್ರಕ್ಕೆ ಅಂತಹ ಕಿವಿಯಿಲ್ಲ. ಯಾವ ಸಾಲು ಕಾಗದದ್ದು, ಯಾವುದು ಕವಿಯದು, ಯಾವುದು ಸಂಪಾದಕನದು, ಯಾವುದು ಕಲ್ಲಿನದು ಎಂಬ ವಿವೇಚನೆಯು ಆಜ್ಞೆಯನ್ನು ಬರೆಯುವವನ ಹೊಣೆ. ಆ ವಿವೇಚನೆಯನ್ನು ಅವನು ಮೊದಲು ಮಾಡಿ ಕಡತದಲ್ಲಿಯೇ ಗುರುತುಮಾಡಿಟ್ಟರೆ, ಮಿಕ್ಕುದನ್ನು ಯಂತ್ರವು ಚೆನ್ನಾಗಿಯೇ ಮಾಡುವುದು.